ಕ್ಯಾಲೆಂಡರ್ ಮರೆಯ ಗೋಡೆ

ಇವತ್ತು ಸೊಸೈಟಿಯಲ್ಲಿ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದವರು ಬೆನ್ನು ತಟ್ಟಿ, "ಏನ್ರೀ, ಮನೆಗೆ ಸುಣ್ಣ ಹೊಡೀತಿದೀರಾ?" ಅಂದರು. ನೀಲಿ ಅಂಗಿಯ ತುಂಬಾ ಬಿಳಿ ಪುಡಿ. ಚಪ್ಪಲಿ ಮೆಟ್ಟುವಾಗ ಗೋಡೆಗೆ ಒರಗಿದ್ದೆ, ಅಷ್ಟೇ. ಸುಣ್ಣವಾಗಿದ್ದರೂ ಬೇಜಾರಿರಲಿಲ್ಲ. ಅದು ಉಪ್ಪು.

ಮಲೆನಾಡಿನ ಸಾಗರದ ಕಡೆ ಹಳೇ ಮನೆಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆಶ್ಲೇಷ ಮಳೆಯಲ್ಲಿ ಉಪ್ಪಿನ ಡಬ್ಬಿ ನೀರಾಗುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಗೋಡೆ ಉಪ್ಪಾಗುತ್ತದೆ. ಜಂಬಿಟ್ಟಿಗೆ ಗೋಡೆ ನೆಲದ ಪಸೆಯನ್ನು ಉಪ್ಪಿನ ಸಮೇತ ಹೀರುವುದು ಹೊಸದಲ್ಲ. ಮೊದಲು ಸುಣ್ಣದ ಗಾರೆ ಇತ್ತು, ಹೀರಿದ್ದು ಅಲ್ಲಲ್ಲೇ ಆರುತ್ತಿತ್ತು. ಅಪ್ಪನ ಕಾಲದಲ್ಲಿ ಒಬ್ಬ ಮೇಸ್ತ್ರಿ ಅದನ್ನು ಕೆತ್ತಿ, ಸೊಂಟದವರೆಗೆ ಸಿಮೆಂಟ್ ಬಳಿದ. ಹೊರಗೆ ಬರಲು ದಾರಿ ಸಿಗದ ಪಸೆ ಸಿಮೆಂಟ್ ಮುಗಿಯುವ ತನಕ ಹತ್ತಿ, ಅಲ್ಲಿಂದ ಮೇಲೆ ಮುಖ ತೋರಿಸಿತು.

ಇದಕ್ಕೆ ಅಮ್ಮನ ಹತ್ತಿರ ಇರುವ ಮದ್ದು ಒಂದೇ, ಕ್ಯಾಲೆಂಡರ್. ಬಣ್ಣ ಎದ್ದ ಕಡೆಯೆಲ್ಲ ಒಂದೊಂದು ಮೊಳೆ. ಜವಳಿ ಅಂಗಡಿಯದು, ಗೊಬ್ಬರದ ಅಂಗಡಿಯದು, ದೇವಸ್ಥಾನದ್ದು. ಹಳೆಯದನ್ನು ತೆಗೆಯುವ ಹಾಗಿಲ್ಲ, ಹಿಂದಿನ ಬೂಷ್ಟು ಕಾಣುತ್ತದಲ್ಲ! ಹಾಗಾಗಿ ನಮ್ಮ ಜಗಲಿಯಲ್ಲಿ ಐದಾರು ವರ್ಷ ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ.

ಮೊನ್ನೆ ಭಾವ ಬಂದಿದ್ದರು. ಅವರು ಏಕಾದಶಿ ತಪ್ಪಿಸುವವರಲ್ಲ. ಕೈಕಾಲು ತೊಳೆದು ಬಂದವರೇ ಗೋಡೆ ನೋಡಿದರು. "ಅಯ್ಯೋ, ಇವತ್ತು ಏಕಾದಶಿ. ನಂಗೆ ಊಟ ಬೇಡ" ಅಂದುಬಿಟ್ಟರು. ಒಳಗೆ ಹಬೆಯಾಡುವ ಪತ್ರೊಡೆ. ಅವರು ನೋಡಿದ್ದು 2019ರ ಸೆಪ್ಟೆಂಬರ್. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಡುಗೆ ಮನೆ ಬಾಗಿಲಿಂದ ಕಣ್ಣು ಬಿಟ್ಟಳು. ಹೊಸ ಅಳಿಯನೇನಲ್ಲ, ಆದರೂ ಗೋಡೆಯ ಮಾನ ದೊಡ್ಡದು. ಭಾವ ಎರಡು ಬಾಳೆಹಣ್ಣು ತಿಂದು, ಹಾಲು ಕುಡಿದು ಕೂತರು. ನಾವು ಪತ್ರೊಡೆ ತಿಂದೆವು. "ನೀವ್ಯಾರೂ ಮಾಡಲ್ವಾ ಏಕಾದಶಿ?" ಎಂದು ಒಂದು ಸಲ ಕೇಳಿದರು. ಸಂಜೆ ಮೊಬೈಲ್ ನೋಡುತ್ತಾ ಕೂತವರು ತಲೆ ಎತ್ತಿ ಗೋಡೆಯನ್ನು ನೋಡಿದರು, ಮತ್ತೆ ಮೊಬೈಲ್ ನೋಡಿದರು. ಏನೂ ಹೇಳಲಿಲ್ಲ. ರಾತ್ರಿ ಪತ್ರೊಡೆ ಮೂರು ಸಲ ಬಡಿಸಿಕೊಂಡರು.

ಒಂದು ಮೂಲೆಗೆ ಮಾತ್ರ ಅಮ್ಮ ಕ್ಯಾಲೆಂಡರ್ ಹಾಕಿಲ್ಲ. ಲ್ಯಾಂಡ್‌ಲೈನ್ ಇದ್ದ ಜಾಗ. ಅಪ್ಪ ಪೆನ್ಸಿಲಿನಲ್ಲಿ ಗೋಡೆಗೇ ನಂಬರ್ ಬರೆಯುತ್ತಿದ್ದರು. ಕೊಟ್ಟಿಗೆ ಡಾಕ್ಟರದ್ದು, ಅಡಿಕೆ ಮಂಡಿಯದು, ಹಾಸ್ಟೆಲ್‌ನಲ್ಲಿದ್ದ ನನ್ನದು. ಮಂಡಿ ನಂಬರಿನ ಅರ್ಧ ಈಗಾಗಲೇ ಉದುರಿದೆ. ಅಲ್ಲಿ ಪೊರಕೆ ತಾಗಿಸಿದರೆ ಬೈಸಿಕೊಳ್ಳಬೇಕು.

ಹೊಸ ಮೇಸ್ತ್ರಿ ಬಂದು ನೋಡಿ ಹೋಗಿದ್ದಾನೆ. ಸಿಮೆಂಟ್ ಕಿತ್ತು ಮತ್ತೆ ಸುಣ್ಣದ ಗಾರೆಯೇ ಮಾಡಬೇಕಂತೆ. ಆದರೆ ಗೋಡೆ ಆರಬೇಕು. ಆರುವಾಗ ಅಡಿಕೆ ಕೊಯ್ಲು, ಆಳು ಸಿಗಲ್ಲ. ಕೊಯ್ಲು ಮುಗಿದರೆ ಮದುವೆ ಮನೆಗಳ ಪೇಂಟಿಂಗ್, ಅವನು ಸಿಗಲ್ಲ. ಅದು ಮುಗಿದರೆ ಮಳೆ. "ಮಾರ್ಚ್‌ಗೆ ಗ್ಯಾರಂಟಿ ಬರ್ತೀನಿ" ಎಂದಿದ್ದಾನೆ. ಯಾವ ಕ್ಯಾಲೆಂಡರಿನ ಮಾರ್ಚ್ ಎಂದು ಕೇಳುವಷ್ಟರಲ್ಲಿ ಬೈಕ್ ಹತ್ತಿದ್ದ.