ಜೀರೋ ನೋಡಿದ್ದಾಯ್ತು, ಡಿಕ್ಕಿ ನೋಡೋರ್ಯಾರು?

ಕಾರಿನ ಹಿಂದೆ ಸಾಮಾನು ತುಂಬುವ ಜಾಗಕ್ಕೂ ನಾವು ಡಿಕ್ಕಿ ಅನ್ನುತ್ತೇವೆ, ಎರಡು ಗಾಡಿ ಗುದ್ದಿಕೊಂಡರೆ ಅದಕ್ಕೂ ಡಿಕ್ಕಿ ಅನ್ನುತ್ತೇವೆ. ಜರ್ಮನಿಗೆ ಬಂದ ಹೊಸದರಲ್ಲಿ ಆಫೀಸಿನ ಗೆಳೆಯನೊಬ್ಬನಿಗೆ ಇದನ್ನು ತಮಾಷೆಗೆ ಹೇಳಿದ್ದೆ. ಅವನು ನಗಲಿಲ್ಲ. ‘ಸರಿಯಾಗೇ ಇದೆಯಲ್ಲ, ಮೊದಲನೆಯದನ್ನು ಹೇಗೆ ತುಂಬಿದ್ದೀಯ ಅನ್ನೋದು ಎರಡನೆಯದರಲ್ಲಿ ಗೊತ್ತಾಗುತ್ತದೆ’ ಅಂದ.

ಸ್ಟುಟ್‌ಗಾರ್ಟ್ ಪಕ್ಕದ ಒಂದು ಊರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹುಟ್ಟೂರು ಸಾಗರದ ಹತ್ತಿರ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಚಿಕ್ಕಪ್ಪನ ಕಾರಿನಲ್ಲಿ ಬೆಂಗಳೂರಿಗೂ ಸಾಗರಕ್ಕೂ ಓಡಾಟ ಇದ್ದೇ ಇರುತ್ತದೆ. ಹೋಗುವಾಗ ಬಟ್ಟೆ, ಮಿಕ್ಸಿ, ಮಕ್ಕಳ ಸೈಕಲ್ಲು. ಬರುವಾಗ ತೆಂಗಿನಕಾಯಿ, ಹಲಸಿನಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ, ಜೋನಿ ಬೆಲ್ಲದ ಡಬ್ಬ. ನಮ್ಮಲ್ಲಿ ಡಿಕ್ಕಿ ತುಂಬುವುದಕ್ಕೆ ಇರುವುದು ಒಂದೇ ನಿಯಮ. ಬಾಗಿಲು ಹಾಕಿಕೊಂಡರೆ ಮುಗಿಯಿತು. ಹಾಕಿಕೊಳ್ಳದಿದ್ದರೆ ಒಬ್ಬರು ಮೇಲಿಂದ ಒತ್ತಬೇಕು, ಇನ್ನೊಬ್ಬರು ‘ನಿಧಾನ, ಭರಣಿ ಇದೆ’ ಅನ್ನಬೇಕು. ಉಳಿದದ್ದು ಹಿಂದಿನ ಗಾಜಿನ ಹತ್ತಿರದ ಹಲಗೆಯ ಮೇಲೆ, ಇಲ್ಲವೇ ಕೂತವರ ಕಾಲಡಿ.

ಆರು ವರ್ಷದ ಹಿಂದೆ ತರೀಕೆರೆ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಚಿಕ್ಕಪ್ಪ ಗಟ್ಟಿಯಾಗಿ ಬ್ರೇಕ್ ಹೊಡೆದರು. ಎಮ್ಮೆಗೆ ಏನೂ ಆಗಲಿಲ್ಲ. ಹಲಗೆಯ ಮೇಲಿದ್ದ ಸ್ಟೀಲ್ ಡಬ್ಬಿ ಹಾರಿ ಬಂದು ಚಿಕ್ಕಮ್ಮನ ತಲೆಗೆ ಬಡಿಯಿತು. ಮೂರು ಹೊಲಿಗೆ. ಡಬ್ಬಿಯಲ್ಲಿದ್ದದ್ದು ಚಕ್ಕುಲಿ. ಆಮೇಲೆ ಮನೆಯಲ್ಲಿ ವಾರಗಟ್ಟಲೆ ಎಮ್ಮೆ ಬಿಟ್ಟವನನ್ನು ಬೈದದ್ದಾಯಿತು. ಡಬ್ಬಿಯನ್ನು ಅಲ್ಲಿ ಇಟ್ಟದ್ದು ಯಾರು ಅಂತ ಯಾರೂ ಕೇಳಲಿಲ್ಲ. ಇಟ್ಟವನು ನಾನೇ, ಹಾಗಾಗಿ ನಾನೂ ಕೇಳಲಿಲ್ಲ.

ಲೆಕ್ಕ ಸುಲಭದ್ದು. ಗಂಟೆಗೆ 50 ಕಿಲೋಮೀಟರ್ ವೇಗ ಅಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ. ಕಾರು ಏನಕ್ಕಾದರೂ ಗುದ್ದಿ ನಿಂತರೂ ಹಿಂದಿರುವ ತೆಂಗಿನಕಾಯಿ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದೆ ಬರುತ್ತದೆ. ಮೂರನೇ ಮಹಡಿಯಿಂದ ಬೀಳುವ ತೆಂಗಿನಕಾಯಿಯ ಕೆಳಗೆ ನಾವು ನಿಲ್ಲುತ್ತೇವಾ? ತೋಟದಲ್ಲಿ ಕಾಯಿ ಕೀಳುವಾಗ ಮಕ್ಕಳನ್ನು ಮರದ ಬುಡದಿಂದ ಅಟ್ಟುವ ಅದೇ ಚಿಕ್ಕಪ್ಪ ಕಾರಿನಲ್ಲಿ ಅದೇ ಕಾಯಿಯನ್ನು ಮಕ್ಕಳ ತಲೆಯ ಹಿಂದೆ ಪೇರಿಸುತ್ತಾರೆ.

ಜರ್ಮನಿಯ ರಸ್ತೆ ನಿಯಮದ 22ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ದಿಢೀರ್ ಬ್ರೇಕ್ ಹಾಕಿದರೂ, ಥಟ್ಟನೆ ಪಕ್ಕಕ್ಕೆ ಎಳೆದರೂ ಸಾಮಾನು ಜಾರಬಾರದು, ಉರುಳಬಾರದು, ಬೀಳಬಾರದು. ಲಾರಿಗೆ ಮಾತ್ರ ಅಲ್ಲ, ಮನೆಯ ಕಾರಿಗೂ. ಬೇಸಿಗೆ ರಜೆಯಲ್ಲಿ ಎದುರುಮನೆಯ ಅಜ್ಜ ಇಟಲಿಗೆ ಹೊರಡುವ ಹಿಂದಿನ ಸಂಜೆ ಡಿಕ್ಕಿ ತುಂಬುವುದನ್ನು ನೋಡಬೇಕು, ಜಾತ್ರೆಗೆ ತೇರು ಕಟ್ಟಿದ ಹಾಗೆ. ಭಾರದ್ದು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಅಂಟಿಸಿ. ಹಗುರದ್ದು ಮೇಲೆ. ಸೀಟಿನ ಎತ್ತರ ದಾಟಿದರೆ ಬಲೆ. ಹಿಂದೆ ಯಾರೂ ಕೂರದಿದ್ದರೂ ಸೀಟ್ ಬೆಲ್ಟ್‌ಗಳನ್ನು ಅಡ್ಡಡ್ಡ ಸಿಕ್ಕಿಸಿಡುತ್ತಾನೆ, ಭಾರ ಮುಂದೆ ನುಗ್ಗಿದರೆ ಸೀಟಿನ ಬೆನ್ನಿಗೆ ಆಸರೆ ಇರಲಿ ಅಂತ. ಇದು ನನಗೆ ತುಂಬಾ ಹಿಡಿಸಿತು. ದುಡ್ಡು ಬೇಡ, ಹಗ್ಗ ಬೇಡ, ಎರಡು ಕ್ಲಿಕ್ ಅಷ್ಟೆ.

ಡಿಕ್ಕಿಯ ಲೀಟರ್ ಲೆಕ್ಕವೂ ಇವರದೇ. ಜಾಹೀರಾತಿನಲ್ಲಿ 380 ಲೀಟರ್ ಅಂತ ಹಾಕಿರುತ್ತಾರಲ್ಲ, ಅದು ನೀರು ತುಂಬಿ ಅಳೆದದ್ದಲ್ಲ. ಇಪ್ಪತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಐದು ದಪ್ಪದ ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಒಂದು ತುಂಡು ಅಂದರೆ ಒಂದು ಲೀಟರ್. ಸೂಟ್‌ಕೇಸಿನವರಿಗೆ ಅದು ಸರಿ. ಹಲಸಿನಕಾಯಿಯವರ ಲೆಕ್ಕ ಬೇರೆ.

ಇನ್ನೊಂದು ವಿಷಯ ನನಗೆ ಇಲ್ಲಿಗೆ ಬಂದ ಮೇಲೇ ತಿಳಿದದ್ದು. ಹಿಂದೆ ಭಾರ ಜಾಸ್ತಿಯಾದರೆ ಕಾರಿನ ಮೂತಿ ಮೇಲೇಳುತ್ತದೆ, ಜೊತೆಗೆ ಹೆಡ್‌ಲೈಟೂ. ರಾತ್ರಿ ಕಡೂರು, ಬೀರೂರು ಕಡೆ ಎದುರಿನವನು ಮೇಲಿಂದ ಮೇಲೆ ಲೈಟ್ ಹೊಡೆಯುತ್ತಾನೆ. ‘ಡಿಮ್‌ನಲ್ಲೇ ಇದ್ದೀನಲ್ಲ, ಇವನಿಗೇನು ರೋಗ’ ಅಂತ ನಾವು ಬೈಯುತ್ತೇವೆ. ಸ್ಟೇರಿಂಗ್ ಪಕ್ಕದಲ್ಲಿ 0, 1, 2, 3 ಅಂತ ಬರೆದ ಸಣ್ಣ ತಿರುಗಣೆ ನಮ್ಮ ಎಷ್ಟೋ ಕಾರುಗಳಲ್ಲೂ ಇದೆ. ಅದು ಇರುವುದೇ ಭಾರಕ್ಕೆ ತಕ್ಕ ಹಾಗೆ ಹೆಡ್‌ಲೈಟ್ ತಗ್ಗಿಸುವುದಕ್ಕೆ. ಚಿಕ್ಕಪ್ಪನ ಕಾರಿನಲ್ಲಿ ಅದು ಕೊಂಡ ದಿನದಿಂದ ಸೊನ್ನೆಯಲ್ಲೇ ಇತ್ತು.

ಅಪಾಯದ ತ್ರಿಕೋನದ ಕಥೆಯೂ ಹಾಗೇ. ಇಲ್ಲಿ ತ್ರಿಕೋನ, ಪ್ರಥಮ ಚಿಕಿತ್ಸೆಯ ಚೀಲ, ಹೊಳೆಯುವ ಜಾಕೆಟ್ಟು ಮೂರೂ ಕಾರಿನಲ್ಲಿ ಇರಲೇಬೇಕು. ಜಾಕೆಟ್ಟಿನ ನಿಯಮ ಬಂದದ್ದು 2014ರಲ್ಲಿ. ನಮ್ಮಲ್ಲೂ ಹೊಸ ಕಾರಿನ ಜೊತೆ ತ್ರಿಕೋನ ಕೊಡುತ್ತಾರೆ. ಅದು ಇರುವುದು ಸ್ಟೆಪ್ನಿ ಪಕ್ಕದಲ್ಲಿ, ಅದರ ಮೇಲೆ ಇಡೀ ಸಂಸಾರ. ಗಾಡಿ ಕೆಟ್ಟರೆ ತ್ರಿಕೋನ ತೆಗೆಯುವುದಕ್ಕಿಂತ ರಸ್ತೆಗೆ ಕಲ್ಲಿಟ್ಟು ಸೊಪ್ಪಿನ ಕೊಂಬೆ ಹಾಕುವುದು ಸುಲಭ. ಗಾಡಿ ರಿಪೇರಿಯಾಗಿ ಹೋದ ಮೇಲೆ ಕಲ್ಲು ಅಲ್ಲೇ ಉಳಿಯುತ್ತದೆ, ರಾತ್ರಿ ಬೈಕಿನಲ್ಲಿ ಬರುವವರಿಗೆ.

ಇಷ್ಟು ಹೇಳಿದ ಮೇಲೆ, ಪೆಟ್ರೋಲಿನ ವಿಷಯದಲ್ಲಿ ನಾನು ಇಲ್ಲಿ ಮಾಡಿದ ಘನಕಾರ್ಯವನ್ನೂ ಹೇಳಬೇಕು. ಊರಿನಲ್ಲಿ ಇದ್ದಾಗ ನಾನು ಒಂದು ದಿನವೂ ನಾಝಲ್ ಮುಟ್ಟಿದವನಲ್ಲ. ಬಂಕ್‌ನಲ್ಲಿ ಕಿಟಕಿ ಇಳಿಸು, ‘ಐನೂರಕ್ಕೆ ಹಾಕಿ’ ಅನ್ನು, ‘ಜೀರೋ ನೋಡಿ ಸಾರ್’ ಅಂದಾಗ ನೋಡು, ಅಷ್ಟೇ ಕೆಲಸ. ಇಲ್ಲಿ ಬಂಕ್‌ನಲ್ಲಿ ಯಾರೂ ಇರುವುದಿಲ್ಲ. ನೀವೇ ಹಾಕಿಕೊಂಡು ಒಳಗಿನ ಅಂಗಡಿಗೆ ಹೋಗಿ ಪಂಪಿನ ನಂಬರ್ ಹೇಳಿ ದುಡ್ಡು ಕೊಡಬೇಕು. ಮೊದಲ ವರ್ಷ ಬಾಡಿಗೆಗೆ ಪಡೆದ ಡೀಸೆಲ್ ಕಾರಿಗೆ ‘ಸೂಪರ್’ ಅಂತ ಬರೆದ ನಾಝಲ್ ಹಿಡಿದೆ. ಹೆಸರೇ ಸೂಪರ್ ಅಂದಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡೆ. ಸೂಪರ್ ಅಂದರೆ ಪೆಟ್ರೋಲ್. ಹನ್ನೆರಡು ಲೀಟರ್ ಒಳಗೆ ಹೋದ ಮೇಲೆ ಮೂಗಿಗೆ ಬೇರೆ ವಾಸನೆ ಬಡಿಯಿತು. ಅಂಗಡಿಯ ಹೆಂಗಸು ಕೈಯೆತ್ತಿಕೊಂಡು ಓಡಿ ಬಂದು ಹೇಳಿದ್ದು ಒಂದೇ ಮಾತು: ಕೀ ತಿರುಗಿಸಬೇಡ. ಇಂಜಿನ್ ಶುರುವಾಗದಿದ್ದರೂ, ಬರೀ ಕೀ ತಿರುಗಿಸಿದರೇ ಒಳಗಿನ ಪಂಪು ಪೆಟ್ರೋಲನ್ನು ಮುಂದೆ ತಳ್ಳಲು ಶುರು ಮಾಡಬಹುದು. ಟ್ಯಾಂಕ್ ಖಾಲಿ ಮಾಡಿಸಿದ ಬಿಲ್ಲಿನಲ್ಲಿ ಊರಿಗೆ ಒಂದು ವಿಮಾನದ ಟಿಕೆಟ್ ಬರುತ್ತಿತ್ತು.

ಡೀಸೆಲ್ ನಾಝಲ್ಲಿನ ಮೂತಿ ದಪ್ಪ, ಸಾಮಾನ್ಯವಾಗಿ ಅದು ಪೆಟ್ರೋಲ್ ಕಾರಿನ ಬಾಯಿಗೆ ಹೋಗುವುದಿಲ್ಲ. ಪೆಟ್ರೋಲ್ ನಾಝಲ್ ಸಣ್ಣದು, ಡೀಸೆಲ್ ಕಾರಿನೊಳಗೆ ಸಲೀಸಾಗಿ ಇಳಿಯುತ್ತದೆ. ನನ್ನಂಥವರು ಮಾಡುವ ತಪ್ಪಿಗೇ ಬಾಗಿಲು ತೆರೆದಿಟ್ಟ ಹಾಗೆ. ಈಗ ಯೂರೋಪಿನಲ್ಲಿ ಪೆಟ್ರೋಲಿಗೆ ದುಂಡಗಿನ ಚೀಟಿ, ಡೀಸೆಲ್ಲಿಗೆ ಚೌಕದ ಚೀಟಿ. 2018ರಿಂದ ಈ ಪದ್ಧತಿ. ದುಂಡಗಿನದರಲ್ಲಿ ಇ5, ಇ10 ಅಂತ ಇರುತ್ತದೆ, ಅಂದರೆ ನೂರಕ್ಕೆ ಎಷ್ಟು ಭಾಗದವರೆಗೆ ಎಥನಾಲ್ ಇರಬಹುದು ಅಂತ. ಯಾವುದು ಬೇಕೋ ನಾವೇ ಆರಿಸಿಕೊಳ್ಳಬಹುದು. ನಮ್ಮಲ್ಲಿ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಹಳೇ ಕಾರಿನವರಿಗೆ ಆಯ್ಕೆ ಇಲ್ಲ ಅನ್ನುವ ಗೊಣಗಾಟ ಊರಿಗೆ ಹೋದಾಗಲೆಲ್ಲ ಕಿವಿಗೆ ಬೀಳುತ್ತದೆ. ಅದರಲ್ಲಿ ನ್ಯಾಯ ಇದೆ.

ಆದರೂ ಬಂಕ್‌ನ ಹುಡುಗರನ್ನು ತೆಗೆದು ನಾವೇ ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲೂ ಬರಲಿ ಅಂತ ನನಗೆ ಅನಿಸುವುದಿಲ್ಲ. ಕೈಗೆ ಕೆಲಸ ಇದೆ, ವಯಸ್ಸಾದವರು ಇಳಿಯಬೇಕಿಲ್ಲ, ಮಳೆಗಾಲದಲ್ಲಿ ಅದೇ ಸುಖ. ದಿನಕ್ಕೆ ಇನ್ನೂರು ಗಾಡಿ ನೋಡುವವನಿಗೆ ಡೀಸೆಲ್ ಗಾಡಿ ಯಾವುದು ಅನ್ನುವುದು ನನಗಿಂತ ಚೆನ್ನಾಗಿ ಗೊತ್ತು. ನನ್ನ ತಕರಾರು ಒಂದೇ. ನಾವು ಅವನನ್ನು ಕಾಯುವುದು ಮೋಸ ಮಾಡುತ್ತಾನೇನೋ ಅಂತ ಮಾತ್ರ. ಕಣ್ಣೆಲ್ಲ ಸೊನ್ನೆಯ ಮೇಲೆ. ಟ್ಯಾಂಕಿನ ಬಾಯಿಯಲ್ಲಿ ಏನು ನಡೆಯುತ್ತಿದೆ ಅಂತ ನೋಡುವುದಿಲ್ಲ.

‘ಫುಲ್ ಮಾಡಿ’ ಅಂದರೆ ನಾಝಲ್ ಟಕ್ ಅಂತ ತಾನೇ ನಿಲ್ಲುತ್ತದೆ. ಅದರ ತುದಿಯಲ್ಲಿ ಒಂದು ಸಣ್ಣ ತೂತಿದೆ, ಪೆಟ್ರೋಲ್ ಅಲ್ಲಿವರೆಗೆ ಏರಿ ತೂತು ಮುಚ್ಚಿದರೆ ಗಾಳಿ ನಿಂತು ಹಿಡಿ ಕಳಚುತ್ತದೆ. ಅಲ್ಲಿಗೆ ಮುಗಿಯಬೇಕು. ನಮ್ಮಲ್ಲಿ ಮೀಟರು 1,987 ರೂಪಾಯಿ ತೋರಿಸಿದರೆ ಹುಡುಗ ಮತ್ತೆ ಟಕ್, ಟಕ್, ಟಕ್. ಎರಡು ಸಾವಿರ ಮಾಡಬೇಕು. ಮೇಲೆ ಬಿಟ್ಟ ಆ ಖಾಲಿ ಜಾಗ ಪೆಟ್ರೋಲ್ ಹಿಗ್ಗುವುದಕ್ಕೆ. ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ ನಲವತ್ತು ಲೀಟರ್ ಪೆಟ್ರೋಲ್ ಬಿಸಿಲಲ್ಲಿ ಹತ್ತು ಡಿಗ್ರಿ ಕಾದರೆ ಸುಮಾರು ನಾನೂರು ಮಿಲಿಲೀಟರ್ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗಬಹುದು. ಮೊದಲಾದರೆ ಚಿಲ್ಲರೆ ಗೋಳು ಅನ್ನಬಹುದಿತ್ತು. ಈಗ ಯುಪಿಐ ಬಂದಿದೆ, 1,987 ರೂಪಾಯಿ ಕೊಟ್ಟರೆ ಯಾರಿಗೇನು ಕಷ್ಟ? ಕೈಗೆ ಬಂದ ಅಭ್ಯಾಸ, ಹೋಗಿಲ್ಲ. ಅಂದಹಾಗೆ ‘ಮೊಬೈಲ್ ಬಳಸಬಾರದು’ ಅನ್ನುವ ಬೋರ್ಡಿನ ಪಕ್ಕದಲ್ಲೇ ಕ್ಯೂಆರ್ ಕೋಡ್ ಅಂಟಿಸಿರುವುದನ್ನೂ ನೋಡಿದ್ದೇನೆ.

ಇಲ್ಲಿ ಹೆದರುವುದು ಮೊಬೈಲಿಗಿಂತ ಮೈಯಲ್ಲಿ ಕೂಡಿದ ಕರೆಂಟಿಗೆ. ಚಳಿಗಾಲದ ಒಣ ಹವೆಯಲ್ಲಿ ಜಾಕೆಟ್ ಸೀಟಿಗೆ ಉಜ್ಜಿ ಇಳಿದರೆ ಬೆರಳ ತುದಿಯಲ್ಲಿ ಚಟ್ ಅನ್ನುತ್ತದೆ. ಪೆಟ್ರೋಲ್ ಆವಿಗೆ ಚಳಿಯ ಹಂಗಿಲ್ಲ, ಹಿಮ ಬೀಳುವಾಗಲೂ ಕಿಡಿ ಸಾಕು. ಇಳಿದ ಕೂಡಲೇ ಕಾರಿನ ಲೋಹ ಮುಟ್ಟಿ ಆಮೇಲೆ ನಾಝಲ್ ಹಿಡಿ, ತುಂಬುವಾಗ ಮಧ್ಯೆ ಒಳಗೆ ಕೂತು ಏಳಬೇಡ ಅಂತ ಅದೇ ಅಂಗಡಿಯ ಹೆಂಗಸು ಕಲಿಸಿದಳು. ಕರಾವಳಿಯ ಬೆವರಿನಲ್ಲಿ ಇದರ ಅಗತ್ಯ ಕಡಿಮೆ ಇರಬಹುದು. ಬಯಲುಸೀಮೆಯ ಒಣ ದಿನಗಳಲ್ಲಿ ಇದೆ.

ನಮ್ಮ ಕಡೆ ನಿಜವಾಗಿ ಹೆದರಬೇಕಾದದ್ದು ಡಿಕ್ಕಿಯಲ್ಲಿರುವ ಕ್ಯಾನಿಗೆ. ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್‌ಗೆ ಪೆಟ್ರೋಲ್ ಬೇಕು. ಬಾಟಲಿಗೆ ಹಾಕಲ್ಲ ಅಂತ ಬಂಕ್‌ನವರು ಅಂದರೆ, ಬೈಕಿಗೆ ತುಂಬಿಸಿ ಮನೆಯಲ್ಲಿ ಪೈಪಿನಿಂದ ಎಳೆಯುವವರಿದ್ದಾರೆ, ಎಣ್ಣೆ ಕ್ಯಾನ್ ಹಿಡಿದು ಪರಿಚಯದ ಹುಡುಗನ ಹತ್ತಿರ ಹೋಗುವವರೂ ಇದ್ದಾರೆ. ಆ ಕ್ಯಾನ್ ಡಿಕ್ಕಿಗೆ, ಮೇಲೊಂದು ಗೋಣಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಹರಡಿಕೊಳ್ಳುತ್ತದೆ. ಸಣ್ಣ ಕಾರಿನಲ್ಲಿ ಡಿಕ್ಕಿಯ ಗಾಳಿಯೂ ನಾವು ಉಸಿರಾಡುವ ಗಾಳಿಯೂ ಒಂದೇ. ಜರ್ಮನ್ನರೂ ಕ್ಯಾನ್ ಒಯ್ಯುತ್ತಾರೆ, ಹುಲ್ಲು ಕತ್ತರಿಸುವ ಮಷಿನ್ ಮನೆಮನೆಯಲ್ಲೂ ಇದೆ. ಆದರೆ ಅದು ಪೆಟ್ರೋಲಿಗೆಂದೇ ಮಾಡಿದ ಕ್ಯಾನು. ನೆಲಕ್ಕಿಟ್ಟು ತುಂಬುತ್ತಾರೆ, ಡಿಕ್ಕಿಯಲ್ಲಿ ಉರುಳದಂತೆ ಕಟ್ಟುತ್ತಾರೆ.

ಹೋದ ಡಿಸೆಂಬರ್‌ನಲ್ಲಿ ಚಿಕ್ಕಪ್ಪನ ಡಿಕ್ಕಿಯನ್ನು ನಾನೇ ತುಂಬಿದೆ. ಕಾಯಿ ಮೂಟೆ ಕೆಳಗೆ ಸೀಟಿಗೆ ಒತ್ತಿ, ಭರಣಿ ನಡುವೆ, ಬಟ್ಟೆ ಮೇಲೆ, ಬಟ್ಟೆ ಒಣಗಿಸುವ ಹಗ್ಗದಿಂದ ಬಿಗಿದೆ. ತಿರುಗಣೆಯನ್ನು 2ಕ್ಕೆ ಇಟ್ಟೆ. ‘ಎಂತ ಆಗೂದಿಲ್ಲ ಮಾರಾಯ’ ಅಂತ ಚಿಕ್ಕಪ್ಪ ಜಗಲಿಯಿಂದಲೇ ಹೇಳುತ್ತಿದ್ದರು. ಚಿಕ್ಕಮ್ಮ ಏನೂ ಹೇಳದೆ ಚಕ್ಕುಲಿ ಡಬ್ಬಿ ತಂದು ಕೈಗೆ ಕೊಟ್ಟರು, ಅದನ್ನೂ ಕಟ್ಟು ಅಂತ. ಶಿವಮೊಗ್ಗದಲ್ಲಿ ಬಂಕ್‌ಗೆ ಹೋದಾಗ ನಾನು ಕೆಳಗಿಳಿದು ಹುಡುಗನ ಪಕ್ಕ ನಿಂತೆ. ಟಕ್ ಅಂದಿತು. ‘ಸಾಕಪ್ಪ’ ಅಂದೆ. ಅವನು ನನ್ನ ಮುಖ ನೋಡಿ, ‘ರೌಂಡ್ ಮಾಡ್ಲಾ ಸಾರ್?’ ಅಂದ. ಬೇಡ ಅಂದು ಯುಪಿಐನಲ್ಲಿ ಪೈಸೆ ಸಮೇತ ಕೊಟ್ಟು ಬಂದು ಕೂತೆ.

ಗಾಡಿ ಹೊರಟ ಮೇಲೆ ಚಿಕ್ಕಪ್ಪ ಕೇಳಿದರು, ‘ಜೀರೋ ನೋಡಿದ್ಯಾ?’

ನೋಡಿರಲಿಲ್ಲ.