ಅಮೆರಿಕದ ಸೇನಾ ನೆಲೆ ಎಲ್ಲರಿಗೂ ಓಪನ್ ಆಗಿಲ್ಲ
"2020ರಿಂದ ಅಮೆರಿಕದ ಸೇನಾ ನೆಲೆಗಳ ಜಿಮ್, ಗಾಲ್ಫ್, ಬೌಲಿಂಗ್ ಎಲ್ಲಾ ಸಾರ್ವಜನಿಕರಿಗೂ ಓಪನ್" ಅನ್ನೋ ಮೆಸೇಜ್ ಓಡಾಡುತ್ತಿದೆ. ಸುಮ್ನೆ ಫಾರ್ವರ್ಡ್ ಮಾಡಬೇಡಿ, ವಿಷಯ ಹಾಗಿಲ್ಲ.

2018ರ ಕಾನೂನಿನಿಂದ 2020ರ ಜನವರಿ 1ರಿಂದ ಅವಕಾಶ ಸಿಕ್ಕಿದ್ದು ಸೇವೆಯ ಕಾರಣಕ್ಕೆ ಅಂಗವೈಕಲ್ಯ ಬಂದ ಮಾಜಿ ಸೈನಿಕರು, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಪಡೆದವರು, ಹಿಂದೆ ಯುದ್ಧಕೈದಿಗಳಾಗಿದ್ದವರು, ಜೊತೆಗೆ ಮಾಜಿ ಸೈನಿಕರನ್ನು ನೋಡಿಕೊಳ್ಳುವವರು ಅಂತ ಸರ್ಕಾರವೇ ಗುರುತಿಸಿದ ಕೆಲವರಿಗೆ. ಅದೂ ಗಾಲ್ಫ್, ಬೌಲಿಂಗ್ ತರಹ ದುಡ್ಡು ಕೊಟ್ಟು ಆಡುವ ಕಡೆ. ಜಿಮ್ ಅದರಲ್ಲಿಲ್ಲ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಲೇಬೇಕು.

ಹಾಗಂತ ಹೊರಗಿನವರಿಗೆ ಎಲ್ಲೂ ಪ್ರವೇಶವೇ ಇಲ್ಲ ಅಂತಲ್ಲ. ವಾಷಿಂಗ್ಟನ್ ರಾಜ್ಯದ ಲೂಯಿಸ್-ಮೆಕ್‌ಕಾರ್ಡ್ ನೆಲೆಯ ಈಗಲ್ಸ್ ಪ್ರೈಡ್ ಗಾಲ್ಫ್ ಮೈದಾನದಲ್ಲಿ ಸಾಮಾನ್ಯ ಜನರೂ ಆಡಬಹುದು. ಆದರೆ ಒಂದೊಂದು ನೆಲೆಗೆ ಒಂದೊಂದು ನಿಯಮ. ಅದೇ ರಾಜ್ಯದ ಸಿಯಾಟಲ್ ಕಡೆಯ ನಮ್ಮವರು ಹೊರಡುವ ಮುಂಚೆ ಅಲ್ಲಿಗೇ ಫೋನ್ ಮಾಡಿ ಕೇಳಿ.