ಊಟದ ಡಿಸ್ಕೌಂಟ್ ಕಾರ್ಡಂತೆ, ಯಾರಪ್ಪನ ಮನೆ ಗಂಟು!

ಮೊದಲೇ ಹೇಳಿಬಿಡ್ತೀನಿ, ಪಾರ್ಕಿನ ಹೆಸರು ಕೇಳಬೇಡಿ. ಊರಾಚೆ ಬೇಲಿ ಹಾಕ್ಕೊಂಡು, ನೀರಲ್ಲಿ ಜಾರಿಸಿ, ತಲೆಕೆಳಗೆ ತಿರುಗಿಸಿ ದುಡ್ಡು ಇಸ್ಕೊಳ್ಳೋ ಜಾಗ ಅಂತ ಇಟ್ಕೊಳ್ಳಿ. ಬೇಸಿಗೆ ರಜೆಗೆ ಊರಿಂದ ನಾದಿನಿ ಮಕ್ಕಳು ಬರ್ತಿದಾರೆ, ಹೋಗದೆ ವಿಧಿ ಇಲ್ಲ.

ಆನ್‌ಲೈನಲ್ಲಿ ಟಿಕೆಟ್ ತಗೊಳ್ಳೋಕೆ ಕೂತೆ. ದೊಡ್ಡವರು ಇಷ್ಟು, ಮಕ್ಕಳು ಇಷ್ಟು ಅಂತ ತುಂಬಿ ಕೊನೆ ಪುಟಕ್ಕೆ ಬಂದ್ರೆ, ನಾನು ಲೆಕ್ಕ ಹಾಕಿದ್ದಕ್ಕಿಂತ 1,769 ರೂಪಾಯಿ ಜಾಸ್ತಿ! ಎಲ್ಲಿಂದ ಬಂತಪ್ಪ ಇದು ಅಂತ ಕಣ್ಣು ಕಿರಿದು ಮಾಡಿ ಹುಡುಕಿದ್ರೆ ಟಿಕೆಟ್ಟಿನ ಸಾಲಿನ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ 'ಡೈನಿಂಗ್ ಕಾರ್ಡ್, ವರ್ಷಪೂರ್ತಿ ಊಟದ ಮೇಲೆ 20% ರಿಯಾಯಿತಿ'. ಬೆಲೆ 1,499, ಅದರ ಮೇಲೆ 18% ಜಿಎಸ್‌ಟಿ. ಪಕ್ಕದಲ್ಲಿ ಟಿಕ್ ಗುರುತು. ಹಾಕಿದ್ದು ನಾನಲ್ಲ, ಅವರೇ ಹಾಕಿಟ್ಟಿದಾರೆ. ತೆಗೆಯೋಕೆ ಹೋದ್ರೆ ಇನ್ನೊಂದು ಪೆಟ್ಟಿಗೆ ತೆರ್ಕೊಳ್ತು. ಒಂದು ಕಡೆ ದೊಡ್ಡ ಹಸಿರು ಬಟನ್, 'ಹೌದು, ನನ್ನ ಕುಟುಂಬಕ್ಕೆ ಉಳಿತಾಯ ಬೇಕು'. ಅದರ ಕೆಳಗೆ ಇರುವೆ ಗಾತ್ರದಲ್ಲಿ, 'ಬೇಡ, ನಾನು ಪೂರ್ತಿ ಬೆಲೆ ಕೊಟ್ಟೇ ತಿನ್ನುತ್ತೇನೆ'. ಪಿತ್ತ ನೆತ್ತಿಗೇರಿತು. ನಮ್ಮ ಮನೆ ಊಟ ಬೇಡ ಅಂದವರಿಗೂ ನಾವು ಹೀಗೆ ಚುಚ್ಚಿ ಮಾತಾಡಲ್ಲ.

ಇದೆಲ್ಲ ಮಾಡೋ ಹಾಗಿಲ್ಲ ಗೊತ್ತಾ? ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಅಂತ ಹೊರಡಿಸಿ, 13 ಥರದ ಕುತಂತ್ರ ಪಟ್ಟಿ ಮಾಡಿದೆ. ಕೇಳದೇ ಬುಟ್ಟಿಗೆ ಸಾಮಾನು ಸೇರಿಸೋದು, ಬೇಡ ಅಂದವರನ್ನ ನಾಚಿಕೆಪಡಿಸೋದು, 'ಇವತ್ತೇ ಕೊನೆ ದಿನ' ಅಂತ ಸುಳ್ಳು ಗಡಿಬಿಡಿ ಹುಟ್ಟಿಸೋದು, ಎಲ್ಲ ಅದರಲ್ಲಿದೆ. ಈ ಪುಣ್ಯಾತ್ಮರು ಒಂದೇ ಪುಟದಲ್ಲಿ ಮೊದಲೆರಡನ್ನೂ ಮುಗಿಸಿದಾರೆ. ಸ್ಕ್ರೀನ್‌ಶಾಟ್ ತೆಗೆದು ಗ್ರಾಹಕ ಸಹಾಯವಾಣಿಗೆ ಹಾಕಿದೀನಿ. ನಿಮಗೂ ಹೀಗಾದ್ರೆ ನಂಬರು 1915.

ಇಷ್ಟಕ್ಕೇ ಮುಗಿದಿದ್ರೆ ಬೈಕೊಂಡು ಸುಮ್ಮನಾಗ್ತಿದ್ದೆ. ಆದ್ರೆ ನಮ್ಮನೆಯವರು ಹಿಂದೆ ನಿಂತು ನೋಡ್ತಿದ್ರು. "20 ಪರ್ಸೆಂಟ್ ಅಂದ್ರೆ ಕಡಿಮೆ ಏನೇ? ಇರ್ಲಿ ಬಿಡು, ಹೇಗೂ ಅಲ್ಲಿ ತಿನ್ನಲೇಬೇಕಲ್ಲ" ಅಂದ್ರು. ಇವರ ಪರ್ಸ್ ನೋಡಬೇಕು ನೀವು. ದುಡ್ಡಿಗಿಂತ ಕಾರ್ಡೇ ಜಾಸ್ತಿ. ಸೂಪರ್ ಮಾರ್ಕೆಟ್ಟಿಂದೊಂದು, ಚಪ್ಪಲಿ ಅಂಗಡೀದೊಂದು, ಮುಚ್ಚಿಹೋದ ಐಸ್‌ಕ್ರೀಮ್ ಅಂಗಡೀದೊಂದು. ಇರ್ಲಿ, ಅವರ ಮಾತೂ ಪೂರ್ತಿ ತಳ್ಳಿಹಾಕೋ ಹಾಗಿಲ್ಲ ಅಂತ ಪೆನ್ನು ಹಿಡಿದು ಲೆಕ್ಕಕ್ಕೆ ಕೂತೆ.

1,769 ರೂಪಾಯಿ ವಾಪಸ್ ಬರಬೇಕು ಅಂದ್ರೆ, 20%ನ ಲೆಕ್ಕದಲ್ಲಿ ನಾವು 8,845 ರೂಪಾಯಿ ಊಟ ಮಾಡಬೇಕು. ಅಲ್ಲಿವರೆಗೆ ಒಂದು ಪೈಸೆ ಲಾಭ ಇಲ್ಲ, ನಮ್ಮ ದುಡ್ಡನ್ನೇ ನಮಗೆ ಸ್ವಲ್ಪ ಸ್ವಲ್ಪ ವಾಪಸ್ ಕೊಡ್ತಿರ್ತಾರೆ. ನಾವು ನಾಲ್ಕು ಜನ ಅಲ್ಲಿನ ಹೋಟೆಲಲ್ಲಿ ಒಂದು ಹೊತ್ತು ಉಂಡ್ರೆ ಹತ್ತಿರ ಹತ್ತಿರ 1,400 ಆಗುತ್ತೆ. ಒಂದು ಸಲಕ್ಕೆ 280 ಉಳೀತು ಅಂದ್ಕೊಳ್ಳಿ. ಅಂದ್ರೆ ಆರೇಳು ಸಲ ಹೋಗಬೇಕು. ಹೋಗೋದು ಎಲ್ಲಿಗೆ? ಬೀದಿ ಕೊನೇಲಿರೋ ದರ್ಶಿನಿಗಲ್ಲ. ಒಳಗಿರೋ ಹೋಟೆಲಿಗೆ ಕಾಲಿಡಬೇಕು ಅಂದ್ರೆ ಮೊದಲು ಗೇಟಲ್ಲಿ ತಲೆಗೆ ಸಾವಿರಕ್ಕೂ ಮೇಲೆ ಕೊಟ್ಟು ಟಿಕೆಟ್ ತಗೋಬೇಕು. ನಾಲ್ಕು ಜನಕ್ಕೆ ನಾಲ್ಕು ಸಾವಿರ ಅಂತ ಇಟ್ಕೊಂಡ್ರೂ ಏಳು ಸಲಕ್ಕೆ 28,000! ಎರಡು ಸಾವಿರವೂ ಇಲ್ಲದ ಕಾರ್ಡಿನ ದುಡ್ಡು ಗಿಟ್ಟಿಸೋಕೆ ಇಪ್ಪತ್ತೆಂಟು ಸಾವಿರ. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ ಅಲ್ವಾ?

"ವಾರ್ಷಿಕ ಪಾಸ್ ಇರೋರಿಗೆ ಅದು" ಅಂದ್ರು ಇವರು. ಸರಿ. ಮೇಲಿನ ಮನೆ ಅಕ್ಕನ ಹತ್ರ ಪಾಸೂ ಇದೆ, ಕಾರ್ಡೂ ಇದೆ. ಕೇಳೋಣ ಅಂತ ಮೆಟ್ಟಿಲು ಹತ್ತಿದೆ. ಅಕ್ಕ ಏನೂ ಹೇಳಲಿಲ್ಲ. ಒಳಗೆ ಹೋಗಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಬಿಲ್ಲು ತಂದು ಕೈಗಿಟ್ರು.

ಅದನ್ನ ಓದಿದ ಮೇಲೆ ಶುರುವಾಯ್ತು ನೋಡಿ ನನ್ನ ನಿಜವಾದ ಉರಿ. ಕಾಕತಾಳೀಯಕ್ಕೆ ಅವರ ಊಟವೂ 1,400. ಅದರ ಕೆಳಗೆ ಸರ್ವಿಸ್ ಚಾರ್ಜ್ 10%, 140 ರೂಪಾಯಿ. 'ಕಾರ್ಡ್ ಬಿಲ್ಲುಗಳಿಗೆ ಅನ್ವಯ' ಅಂತ ಷರಾ ಬೇರೆ. ಅಂದ್ರೆ ಕಾರ್ಡ್ ಇಲ್ಲದೆ ಉಂಡವರಿಗೆ ಈ ಚಾರ್ಜ್ ಇಲ್ಲ, ದುಡ್ಡು ಕೊಟ್ಟು ಕಾರ್ಡ್ ತಗೊಂಡವರಿಗೆ ಇದೆ! ಆಮೇಲೆ ಎರಡನ್ನೂ ಕೂಡಿಸಿದ 1,540ರ ಮೇಲೆ 5% ಜಿಎಸ್‌ಟಿ, 77 ರೂಪಾಯಿ. ಒಟ್ಟು 1,617. ಇಷ್ಟೆಲ್ಲ ಆದಮೇಲೆ ಕೊನೇಲಿ ದೊಡ್ಡ ಮನಸ್ಸು ಮಾಡಿ ರಿಯಾಯಿತಿ 280 ಕಳೆದಿದಾರೆ. ಕೊಡಬೇಕಾದ್ದು 1,337. ಕಾರ್ಡೇ ಇಲ್ಲದೆ ಹೋಗಿದ್ರೆ 1,400ಕ್ಕೆ 5% ತೆರಿಗೆ ಸೇರಿ 1,470 ಆಗ್ತಿತ್ತು. ಉಳಿದಿದ್ದು ಎಷ್ಟು? 133 ರೂಪಾಯಿ. ಬೋರ್ಡಲ್ಲಿ 20%, ಕೈಗೆ ಬಂದಿದ್ದು 9%. ಈ ಲೆಕ್ಕದಲ್ಲಿ ಕಾರ್ಡಿನ ದುಡ್ಡು ಹುಟ್ಟೋಕೆ ಏಳಲ್ಲ, ಹದಿನಾಲ್ಕು ಸಲ ಹೋಗಿ ತಿನ್ನಬೇಕು. ಅಷ್ಟೊತ್ತಿಗೆ ಕಾರ್ಡಿನ ವಾಯಿದೆ ಮುಗಿದಿರುತ್ತೆ.

ಸರ್ವಿಸ್ ಚಾರ್ಜ್ ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಅದೇ ಪ್ರಾಧಿಕಾರ 2022ರ ಜುಲೈ 4ಕ್ಕೇ ಹೇಳಿದೆ. ಹೋಟೆಲಿನವರು ಕೋರ್ಟಿಗೆ ಹೋದ್ರು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ಕ್ಕೆ ಆ ಮಾರ್ಗಸೂಚಿಯನ್ನ ಎತ್ತಿಹಿಡೀತು. ಇನ್ನು ಜಿಎಸ್‌ಟಿ. ಬಿಲ್ಲಲ್ಲೇ ತೋರಿಸಿ ಕಳೆದ ರಿಯಾಯಿತಿಯ ಮೇಲೆ ತೆರಿಗೆ ಹಾಕೋ ಹಾಗಿಲ್ಲ, ಕಳೆದಮೇಲೆ ಉಳಿದ ಮೊತ್ತಕ್ಕೆ ಮಾತ್ರ ಹಾಕಬೇಕು. ಸರಿಯಾಗಿ ಮಾಡಿದ್ರೆ 1,400ರಲ್ಲಿ 280 ಹೋಗಿ 1,120, ಅದಕ್ಕೆ 56 ರೂಪಾಯಿ ತೆರಿಗೆ, ಒಟ್ಟು 1,176. ಅಕ್ಕ ಕೊಟ್ಟಿರೋದು 1,337. ಒಂದೇ ಊಟದಲ್ಲಿ 161 ರೂಪಾಯಿ ಗುಳುಂ. "ನಾನು ಕೇಳಿದೆ ಕಣೇ, ಸಿಸ್ಟಮ್ಮಲ್ಲಿ ಹಂಗೇ ಬರುತ್ತೆ ಅಂದ" ಅಂದ್ರು ಅಕ್ಕ. ಸಿಸ್ಟಮ್ಮು ಆಕಾಶದಿಂದ ಉದುರ್ತಾ? ಯಾರೋ ಒಬ್ಬ ಕೂತು ಹಾಗೇ ಲೆಕ್ಕ ಮಾಡು ಅಂತ ಅದಕ್ಕೆ ಹೇಳಿಕೊಟ್ಟಿರ್ತಾನಲ್ಲ.

ಕಾರ್ಡಿನ ಜೊತೆ ಬಂದ ಮಡಿಚಿದ ಕಾಗದವನ್ನೂ ಅಕ್ಕ ತೋರಿಸಿದ್ರು. ಶನಿವಾರ, ಭಾನುವಾರ, ಸರ್ಕಾರಿ ರಜಾದಿನ ನಡೆಯಲ್ಲ. ದಸರಾ ರಜೆ, ಕ್ರಿಸ್‌ಮಸ್ ವಾರ ನಡೆಯಲ್ಲ. ಕೂತು ತಿನ್ನೋ ಎರಡು ಹೋಟೆಲಲ್ಲಿ ಮಾತ್ರ, ಜ್ಯೂಸು, ಚುರುಮುರಿ, ಜೋಳ, ಐಸ್‌ಕ್ರೀಮ್ ಮಾರೋ ಗೂಡಂಗಡಿಗಳಲ್ಲಿ ಇಲ್ಲ. ಮಕ್ಕಳು ಅಲ್ಲಿ ತಿನ್ನೋದೇ ಅದನ್ನ ಕಣ್ರೀ! ನೀರಿಂದ ಎದ್ದು ಗಡಗಡ ನಡುಗ್ತಾ ಬಂದ ಹುಡುಗರು ಬಿಸಿ ಜೋಳ ಕೇಳ್ತಾರಾ, ಇಲ್ಲ ಬಟ್ಟೆ ಬದಲಾಯಿಸ್ಕೊಂಡು ಬಂದು ಮೇಜಿನ ಮುಂದೆ ನಾರ್ತ್ ಇಂಡಿಯನ್ ಥಾಲಿ ಕೇಳ್ತಾರಾ? ಕಾಂಬೋಗಳ ಮೇಲೆ ಇಲ್ಲ. ಬಾಟಲಿ ನೀರಿನ ಮೇಲೆ ಇಲ್ಲ. ಕಾರ್ಡಿನ ಯಜಮಾನರು ಆಧಾರ್ ಹಿಡ್ಕೊಂಡು ಎದುರಿಗೇ ಇರಬೇಕು, ಹೆಂಡತಿ ಒಬ್ಬಳೇ ಮಕ್ಕಳನ್ನ ಕರ್ಕೊಂಡು ಹೋದ್ರೆ ನಡೆಯಲ್ಲ. ನಡೆಯೋದು ಯಾವಾಗ ಸ್ವಾಮಿ? ಮಂಗಳವಾರ ಮಧ್ಯಾಹ್ನ, ಶಾಲೆಗೆ ಚಕ್ಕರ್, ಆಫೀಸಿಗೆ ಚಕ್ಕರ್ ಹಾಕಿ ಥಾಲಿ ತಿನ್ನೋಕೆ ಹೋದಾಗ.

ಅಕ್ಕನ ಮಗನಿಗೆ ಫೋನಲ್ಲಿ ಇದೆಲ್ಲ ಹೇಳಿ ತಲೆ ತಿಂದೆ. ಅವನಿರೋದು ಫ್ಲೋರಿಡಾದಲ್ಲಿ. "ಚಿಕ್ಕಮ್ಮಾ, ಇಲ್ಲೂ ಡಿಸ್ನಿ ವರ್ಲ್ಡಲ್ಲಿ ಇಂಥದ್ದೊಂದಿತ್ತು" ಅಂದ. ಟೇಬಲ್ಸ್ ಇನ್ ವಂಡರ್‌ಲ್ಯಾಂಡ್ ಅಂತ ಅದರ ಹೆಸರು. ವಾರ್ಷಿಕ ಪಾಸ್ ಇರೋರಿಗೆ, ಫ್ಲೋರಿಡಾದ ನಿವಾಸಿಗಳಿಗೆ ಕೊಡ್ತಿದ್ರಂತೆ. ಅದೂ 20%ದೇ, ಮದ್ಯಕ್ಕೂ ಸೇರಿ. ಬಿಲ್ಲಿಗೆ 18% ಟಿಪ್ ತಾನಾಗಿ ಸೇರ್ತಿತ್ತು, ದೊಡ್ಡ ಹಬ್ಬದ ದಿನಗಳಲ್ಲಿ ಅಲ್ಲೂ ನಡೀತಿರಲಿಲ್ಲ. ಆದ್ರೆ ಟಿಪ್ ಅಲ್ಲಿ ಹೇಗಿದ್ರೂ ಕೊಡೋದೇ, ಸೇರಿಸ್ತೀವಿ ಅಂತ ಮುಂಚೇನೇ ಹೇಳಿ ಕಾರ್ಡ್ ಕೊಡ್ತಿದ್ರು. ಮುಖ್ಯ ಏನಂದ್ರೆ, ಪಾರ್ಕಿನ ಹೊರಗೆ ಅವರದ್ದೇ ವಸತಿ ಹೋಟೆಲುಗಳಿವೆಯಲ್ಲ, ಅಲ್ಲಿನ ಊಟಕ್ಕೂ ಆ ಕಾರ್ಡ್ ನಡೀತಿತ್ತು. ಅಲ್ಲಿಗೆ ಹೋಗೋಕೆ ಪಾರ್ಕಿನ ಟಿಕೆಟ್ ಬೇಡ. ಊರವರು ಸಂಜೆ ಹೋಗಿ ಉಂಡು ಬರಬಹುದಿತ್ತು. ಹಾಗಿದ್ರೆ ಮಾತ್ರ ಅದಕ್ಕೊಂದು ಅರ್ಥ. 2021ರಲ್ಲಿ ಅದನ್ನೂ ನಿಲ್ಲಿಸಿಬಿಟ್ರಂತೆ, ಅದು ಬೇರೆ ಮಾತು. ನಮ್ಮವರು ಅಲ್ಲಿಂದ ಕದ್ದು ತಂದಿರೋದು 20% ಅನ್ನೋ ಬೋರ್ಡು ಮಾತ್ರ.

ಇದರ ಮೂಲ ಇರೋದು ಕಾರ್ಡಲ್ಲಲ್ಲ, ಗೇಟಲ್ಲಿ. ಹೋದ ಸಲದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು ಅಂತ ಎರಡು ಚಪಾತಿ, ಮೆಂತ್ಯದ ಪಲ್ಯ, ಮಕ್ಕಳಿಗೆ ಪುಳಿಯೋಗರೆ ಕಟ್ಕೊಂಡು ಹೋಗಿದ್ವಿ. ಸೆಕ್ಯೂರಿಟಿಯವಳು ಬ್ಯಾಗಿನ ಜಿಪ್ಪೆಳೆದು ಟವೆಲ್ಲು, ಒಳಬಟ್ಟೆ ಎಲ್ಲ ಜನರ ಮುಂದೆ ಎತ್ತಿ ಪಕ್ಕಕ್ಕಿಟ್ಟು, ಸ್ಟೀಲ್ ಡಬ್ಬಿ ಹೊರಗೆ ತೆಗೆದು ಮುಚ್ಚಳ ಬಿಚ್ಚಿ ಮೂಸಿ ನೋಡಿದಳು. "ಇದು ಬಿಡಲ್ಲ ಅಮ್ಮ." ಸಕ್ಕರೆ ಕಾಯಿಲೆ ಅಂದೆ, ಮಾತ್ರೆ ಚೀಟಿ ತೋರಿಸಿದೆ. "ಮಾತ್ರೆ ತಗೊಂಡ್ಹೋಗಿ, ಚಪಾತಿ ಬೇಡ." ಅವಳನ್ನ ಬೈದು ಪ್ರಯೋಜನ ಇಲ್ಲ, ಅವಳ ಸಂಬಳ ನಿಂತಿರೋದೇ ಆ ಜಿಪ್ಪಿನ ಮೇಲೆ. ಅತ್ತೆ ಅಲ್ಲೇ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು, ಹತ್ತೂವರೆ ಗಂಟೆಗೆ, ಹಸಿವಿಲ್ಲದೆ ಚಪಾತಿ ತಿಂದ್ರು. ಒಳಗೆ ಹೋದಮೇಲೆ ಒಂದು ಮಸಾಲೆ ದೋಸೆ 190 ರೂಪಾಯಿ. ಹೊರಗೆ ಹೋಗಿ ತಿಂದು ಬರೋಣ ಅಂದ್ರೆ, ಒಂದ್ಸಲ ಆಚೆ ಹೋದವರನ್ನ ಮತ್ತೆ ಒಳಗೆ ಬಿಡಲ್ಲ.

ಕೋರ್ಟು ಏನನ್ನುತ್ತೆ ಅಂತ ಕೇಳೋರಿಗೆ, ಸಿನಿಮಾ ಥಿಯೇಟರ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 3ಕ್ಕೆ ಹೇಳಿಯಾಗಿದೆ, ಜಾಗ ಅವರದ್ದು, ಹೊರಗಿನ ತಿಂಡಿ ಬೇಡ ಅನ್ನೋ ಹಕ್ಕೂ ಅವರದ್ದು ಅಂತ. ಆದ್ರೆ ಕುಡಿಯೋ ನೀರು ಪುಕ್ಕಟೆ ಇರಬೇಕು, ಎಳೆ ಮಕ್ಕಳ ಆಹಾರ ಬಿಡಬೇಕು ಅಂತಲೂ ಹೇಳಿದೆ. ನಮ್ಮ ಪಾರ್ಕಿನವರು ಮೊದಲರ್ಧ ಬಾಯಿಪಾಠ ಮಾಡ್ಕೊಂಡಿದಾರೆ. ನೀರಿನ ನಲ್ಲಿ ಇದೆಯಪ್ಪ, ಇಲ್ಲ ಅನ್ನಲ್ಲ, ಶೌಚಾಲಯದ ಗೋಡೆ ಮಗ್ಗುಲಲ್ಲಿ. ಅಲ್ಲಿ ಕುಡಿಯೋಕೆ ಮನಸ್ಸು ಬರದವರು ಎಂಆರ್‌ಪಿ 20 ಇರೋ ಬಾಟಲಿಗೆ 50 ಕೊಡಬೇಕು. ಹೋಟೆಲಲ್ಲಿ ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು ಅಂತ 2017ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಲ್ಲಿ ಬರೀ ಬಾಟಲಿ ಮಾರಲ್ಲ, ಕೂರಿಸಿ ಉಪಚಾರ ಮಾಡ್ತಾರೆ ಅನ್ನೋ ವಾದ. ಒಪ್ಪಿದೆ. ಗೂಡಂಗಡಿಯ ಫ್ರಿಜ್ಜಿಂದ ತೆಗೆದು ಕೌಂಟರ್ ಮೇಲೆ ಟಪ್ ಅಂತ ಕುಕ್ಕೋದು ಯಾವ ಉಪಚಾರ?

ರಾಜ್ಯ ಸರ್ಕಾರ 2025ರ ಸೆಪ್ಟೆಂಬರಲ್ಲಿ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂತ ತಂದಾಗ, ಆ ತಿಂಗಳು ಮುಗಿಯೋದ್ರೊಳಗೆ ಹೈಕೋರ್ಟಿಂದ ತಡೆ ಬಂತು. ಇನ್ನು ಪಾರ್ಕಿನ ದೋಸೆಗೆ ಯಾರು ಮಿತಿ ಹಾಕ್ತಾರೆ!

ಹಾಗಾಗಿ ನಾದಿನಿ "ಅತ್ತಿಗೆ, ಕಾರ್ಡ್ ತಗೊಳ್ಳೋಣ್ವಾ" ಅಂದಾಗ ಖಡಾಖಂಡಿತ ಬೇಡ ಅಂದೆ. ಹತ್ತಿರದಲ್ಲೇ ಮನೆ ಇದ್ದು, ಪಾಸೂ ಇದ್ದು, ವಾರದ ದಿನಗಳಲ್ಲೇ ಬಿಡುವಿರೋರು ಬೇಕಾದ್ರೆ ಯೋಚಿಸಲಿ. ಅದೂ ಯಾರಾದ್ರೂ ಕಾರ್ಡ್ ಬಳಸಿದವರ ಹಳೇ ಬಿಲ್ಲೊಂದನ್ನ ಕಣ್ಣಾರೆ ನೋಡಿದಮೇಲೆ. ನಾವಂತೂ ದಾರಿಯಲ್ಲಿ ಹೊಟ್ಟೆ ಬಿರಿಯ ಇಡ್ಲಿ ವಡೆ ತಿಂದು ಹೋಗೋದು, ಮಧ್ಯಾಹ್ನ ಮಕ್ಕಳಿಗೆ ಏನು ಬೇಕೋ ಅದನ್ನ ಪೂರ್ತಿ ಬೆಲೆಗೇ ಕೊಡಿಸೋದು, ಅತ್ತೆಯನ್ನ ಅಕ್ಕನ ಮನೇಲಿ ಬಿಟ್ಟು ಹೋಗೋದು ಅಂತ ತೀರ್ಮಾನ ಆಯ್ತು.

ಮುಗೀತು ಅಂದ್ಕೊಂಡ್ರೆ, ಟಿಕೆಟ್ಟಿಗೆ ಕೊಟ್ಟ ನಂಬರಿಗೆ ಫೋನು. ಪಾಪ, ಹುಡುಗ, ಚೆನ್ನಾಗೇ ಮಾತಾಡಿದ. "ಮೇಡಂ, ನಿಮ್ಮ ಬುಕಿಂಗಲ್ಲಿ ಡೈನಿಂಗ್ ಕಾರ್ಡ್ ಬಿಟ್ಟುಹೋಗಿದೆ, ಇವತ್ತೊಂದೇ ದಿನ ಆಫರ್, 999ಕ್ಕೆ ಹಾಕ್ಕೊಡ್ಲಾ?"

"ನಾವು ಬರೋದು ಭಾನುವಾರ ಕಣಪ್ಪ, ಅವತ್ತು ನಡೆಯುತ್ತಾ?"

"ಭಾನುವಾರ ಇಲ್ಲ ಮೇಡಂ. ನೀವು ವಾರದ ಮಧ್ಯೆ ಯಾವಾಗ ಬೇಕಾದ್ರೂ ಬನ್ನಿ."

"ಬರ್ತೀನಿ. ಅವತ್ತು ನಮ್ಮನೆಯವರ ಆಫೀಸಿಗೆ ನೀನು ಹೋಗ್ತೀಯಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳ್ತಾನೆ, "ಮೇಡಂ, ಕಾಲ್ ಹೇಗಿತ್ತು ಅಂತ ರೇಟಿಂಗ್ ಮೆಸೇಜ್ ಬರುತ್ತೆ, ದಯವಿಟ್ಟು ಐದು ಕೊಡ್ತೀರಾ?" ಕೊಟ್ಟೆ. ಅವನೇನು ಮಾಡ್ತಾನೆ.